ಫೇಲಾದವರಿಗೂ ಮೈಕ್ ಕೊಡಿ

ನಮ್ಮ ಕಡೆ ಚರ್ಚ್‌ಗಳಲ್ಲಿ ಸಾಕ್ಷಿ ಹೇಳುವ ಹೊತ್ತು ಅಂತ ಒಂದಿರುತ್ತೆ. ಬೀದರ್, ಭಾಲ್ಕಿ, ಹುಮನಾಬಾದ್ ಕಡೆಯವರಿಗೆ ಗೊತ್ತಿರುತ್ತೆ. ಯಾರಿಗೋ ಜ್ವರ ಬಿಟ್ಟಿದೆ, ಯಾರದೋ ಬೋರ್‌ವೆಲ್‌ಗೆ ನೀರು ಬಿದ್ದಿದೆ, ಯಾರ ಮಗನಿಗೋ ನೌಕರಿ ಆಗಿದೆ. ಎದ್ದು ನಿಂತು ಹೇಳುತ್ತಾರೆ. ಎಲ್ಲರೂ ಸ್ತೋತ್ರ ಅನ್ನುತ್ತಾರೆ. ಒಳ್ಳೆಯದೇ. ಆದರೆ ಬೋರ್‌ವೆಲ್ ಬತ್ತಿದವನು ಯಾವತ್ತಾದರೂ ಎದ್ದು ನಿಂತದ್ದು ನೋಡಿದ್ದೀರಾ? ಅವನು ಹಿಂದೆ ಗೋಡೆಗೆ ಒರಗಿ ಕೂತಿರುತ್ತಾನೆ. ಪಾಸ್ಟರ್ ಆಶೀರ್ವಾದ ಹೇಳಿ ಮುಗಿಸೋದರೊಳಗೆ ಚಪ್ಪಲಿ ಹಾಕಿಕೊಂಡು ಹೊರಟಿರುತ್ತಾನೆ.

ಹಲವು ವರ್ಷ ನಾನೂ ಅವನ ಪಕ್ಕದಲ್ಲೇ ಕೂತಿದ್ದೆ. ಅದಕ್ಕೇ ಈ ಬರಹ.

ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಸರ್ಕಾರಿ ನೌಕರಿಗೆ ಓದಿದವರಿಗೆ ನನ್ನ ಕಥೆ ಬಿಡಿಸಿ ಹೇಳಬೇಕಿಲ್ಲ. ಬೆಳಿಗ್ಗೆ ಲೈಬ್ರರಿ, ಮಧ್ಯಾಹ್ನ ಖಾನಾವಳಿ ರೊಟ್ಟಿ, ರಾತ್ರಿ ಹಳೆ ಪ್ರಶ್ನೆಪತ್ರಿಕೆ. ಎಸ್‌ಡಿಎ, ಎಫ್‌ಡಿಎ, ಪಿಡಿಒ, ಯಾವುದಕ್ಕೆ ಕರೆದರೂ ಅರ್ಜಿ. ಪರೀಕ್ಷೆ ಹಿಂದಿನ ದಿನ ಶರಣಬಸವೇಶ್ವರ ಗುಡಿ, ಬಂದೇ ನವಾಜ್ ದರ್ಗಾ, ನಮ್ಮ ಚರ್ಚ್, ಎಲ್ಲಿ ನೋಡಿದರೂ ಹಾಲ್ ಟಿಕೆಟ್ ಹಿಡಿದ ಹುಡುಗರು. ಕಟ್ ಆಫ್ ಹತ್ತಿರ ಹೋಗೋದು, ಅಲ್ಲೇ ನಿಲ್ಲೋದು. ಊರಿಗೆ ಹೋದರೆ ಕಟ್ಟೆ ಮೇಲೆ ಕೂತವರ ಒಂದೇ ಮಾತು: "371 ಜೆ ಇದ್ರೂ ಆಗ್ಲಿಲ್ಲೇನು?" ನಮ್ಮ ಭಾಗದವರಿಗೆ ಸರ್ಕಾರಿ ನೌಕರಿಯಲ್ಲಿ ಮೀಸಲಾತಿಗೆ ದಾರಿ ಮಾಡಿದ, 2013ರಲ್ಲಿ ಜಾರಿಗೆ ಬಂದ ಆ ಸಂವಿಧಾನ ತಿದ್ದುಪಡಿಯಿಂದ ನಮಗೆ ದೊಡ್ಡ ಉಪಕಾರ ಆಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬಂದ ಮೇಲೆ ಫೇಲಾಗುವುದಕ್ಕೆ ನೆಪವೂ ಇಲ್ಲದ ಹಾಗಾಯ್ತು.

ಎಲ್ಲ ಸೋಲೂ ಓದದೇ ಬಂದದ್ದಲ್ಲ. ನನ್ನ ರೂಮ್‌ಮೇಟ್ 2021ರಲ್ಲಿ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಬರೆದು ಆಯ್ಕೆಯಾಗಿದ್ದ. ಅಕ್ರಮ ಹೊರಬಿತ್ತು, 2022ರ ಏಪ್ರಿಲ್‌ನಲ್ಲಿ ನೇಮಕಾತಿಯೇ ರದ್ದಾಯ್ತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅಷ್ಟೊತ್ತಿಗೆ ಅವನಿಗೆ ಪುಸ್ತಕ ಕಂಡರೇ ವಾಕರಿಕೆ. ನನ್ನದು ಅಷ್ಟು ದೊಡ್ಡ ಕಥೆಯೂ ಅಲ್ಲ. ಸುಮ್ನೆ ಅಂಕ ಸಾಲಲಿಲ್ಲ, ವಯಸ್ಸು ಮುಗಿಯಿತು.

ಈ ವರ್ಷಗಳಲ್ಲಿ ನನಗೆ ಅತಿ ಹೆಚ್ಚು ಸಲ ವಾಟ್ಸಾಪ್‌ನಲ್ಲಿ ಬಂದ ವಚನ ಬೈಬಲಿನ ಯೆರೆಮೀಯ 29:11. ನಿಮ್ಮ ಬಗ್ಗೆ ನಾನು ಒಳ್ಳೆಯದನ್ನೇ ಯೋಚಿಸಿದ್ದೇನೆ, ಕೆಟ್ಟದ್ದನ್ನಲ್ಲ, ಮುಂದೆ ನಿಮಗೆ ಒಳ್ಳೇ ದಿನ ಇದೆ ಅಂತ ದೇವರು ಹೇಳುವ ಮಾತು. ಸೂರ್ಯೋದಯದ ಫೋಟೋ ಮೇಲೆ ಬರೆದಿರುತ್ತಾರಲ್ಲ, ಅದೇ. ಒಂದು ಸಲ ಉಪವಾಸ ಪ್ರಾರ್ಥನೆಯಲ್ಲಿ ಹೊರಗಿನಿಂದ ಬಂದ ದೇವಸೇವಕರೊಬ್ಬರು ನನ್ನ ತಲೆ ಮೇಲೆ ಕೈಯಿಟ್ಟು, ಈ ವರ್ಷ ಮುಗಿಯೋದರೊಳಗೆ ನೇಮಕಾತಿ ಪತ್ರ ಕೈಗೆ ಬರುತ್ತೆ ಅಂತ ಇದೇ ವಚನ ಓದಿದರು. ನಮ್ಮವ್ವ ಸೀರೆ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಪತ್ರ ಬರಲಿಲ್ಲ. ಆ ಸೇವಕರೂ ಮತ್ತೆ ಬರಲಿಲ್ಲ.

ಸಿಟ್ಟಿನಲ್ಲಿ ಒಂದು ರಾತ್ರಿ ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಅದು ಪ್ರವಾದಿ ಯೆರೆಮೀಯ ಯಾರಿಗೆ ಬರೆದ ಪತ್ರ ಅಂತ ಅಲ್ಲಿವರೆಗೆ ಯೋಚಿಸಿಯೇ ಇರಲಿಲ್ಲ. ಬಾಬೆಲಿನ ರಾಜ ನೆಬೂಕದ್ನೆಚ್ಚರ ಯೆರೂಸಲೇಮಿನಿಂದ ಜನರನ್ನು ಹಿಡಿದು ಬಾಬೆಲಿಗೆ ಒಯ್ದಿದ್ದ. ಊರು ಹೋಗಿತ್ತು, ಮಾನ ಹೋಗಿತ್ತು. ಅವರಿಗೆ ಬರೆದ ಪತ್ರ ಅದು. ಹನ್ನೊಂದನೇ ವಚನದ ಹಿಂದೆಯೇ ಹತ್ತನೇ ವಚನ ಇದೆ, ಅದನ್ನು ಯಾರೂ ಫಾರ್ವರ್ಡ್ ಮಾಡಲ್ಲ: ಬಾಬೆಲಿಗೆ 70 ವರ್ಷ ತುಂಬಿದ ಮೇಲೆ ನಿಮ್ಮನ್ನು ವಾಪಸ್ ಕರೆತರುತ್ತೇನೆ. ಎಪ್ಪತ್ತು! ಪತ್ರ ಕೇಳಿದ ಹೆಚ್ಚಿನವರು ಊರು ನೋಡದೇ ಸಾಯುತ್ತಾರೆ ಅಂತ ಅರ್ಥ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವವನು ಬರುತ್ತಾನೆ. ಎರಡೇ ವರ್ಷ, ಎಲ್ಲ ಸರಿಹೋಗುತ್ತೆ ಅಂತ ದೇವಾಲಯದಲ್ಲಿ ಜನರ ಮುಂದೆಯೇ ಸಾರುತ್ತಾನೆ. ಅವನದು ಸುಳ್ಳು ಪ್ರವಾದನೆ ಅಂತ ಯೆರೆಮೀಯ ಮುಖದ ಮೇಲೇ ಹೇಳುತ್ತಾನೆ. ನನ್ನ ತಲೆ ಮೇಲೆ ಕೈಯಿಟ್ಟವರು ಓದಿದ್ದು ಯೆರೆಮೀಯನ ವಚನ, ಕೊಟ್ಟದ್ದು ಹನನ್ಯನ ವಾಯಿದೆ.

ಹಾಗಾದರೆ ಆ 70 ವರ್ಷ ಏನು ಮಾಡಬೇಕು? ಅದೂ ಪತ್ರದಲ್ಲೇ ಇದೆ. ಮನೆ ಕಟ್ಟಿರಿ, ತೋಟ ಮಾಡಿ ಅದರ ಫಲ ಉಣ್ಣಿರಿ, ಮಕ್ಕಳ ಮದುವೆ ಮಾಡಿರಿ, ಬಾಬೆಲಿನ ಒಳಿತಿಗಾಗಿ ಪ್ರಾರ್ಥಿಸಿರಿ. ಬೇಡದೇ ಬಂದ ಊರಿನಲ್ಲಿ ತೋಟ ಮಾಡಬೇಕಂತೆ. ನನಗೆ ಅದುವರೆಗೆ ಬದುಕು ಅಂದರೆ ನೌಕರಿ ಬಂದ ಮೇಲೆ ಶುರುವಾಗೋದು. ಮದುವೆ ಆಮೇಲೆ, ಸ್ನೇಹಿತರ ಮನೆಗೆ ಹೋಗೋದು ಆಮೇಲೆ, ಚರ್ಚಿನ ಕೆಲಸ ಆಮೇಲೆ. ಬಾಬೆಲಿನಲ್ಲಿ ಪೆಟ್ಟಿಗೆ ಬಿಚ್ಚದೇ ಕೂತಿದ್ದೆ.

ಇದೆಲ್ಲ ಓದಿ ಅರ್ಥ ಆದದ್ದು. ಎದ್ದು ನಡೆದದ್ದು ಮಾತ್ರ ಓದಿನಿಂದಲ್ಲ, ನಮ್ಮೂರ ಚರ್ಚಿನ ಹಿರಿಯರೊಬ್ಬರಿಂದ. ನಿವೃತ್ತ ನರ್ಸ್, ಎಲ್ಲರೂ ಸಿಸ್ಟರಮ್ಮ ಅಂತಾರೆ. ಆ ವರ್ಷ ಚರ್ಚಿನ ಸುಗ್ಗಿ ಹಬ್ಬದ ದಿನ ಎಂದಿನಂತೆ ನಾನು ಬಾಗಿಲ ಕಡೆ ಹೊರಟಿದ್ದೆ. ಕೈಗೆ ಒಂದು ರೂಲ್ಡ್ ಬುಕ್ ತುರುಕಿದರು. "ಲೆಕ್ಕ ಬರೀಲಾಕ ಬರ್ತದಲ್ಲ ನಿನಗ? ಕುಂದ್ರು." ಪರೀಕ್ಷೆ ಏನಾಯ್ತು ಅಂತ ಕೇಳಲೂ ಇಲ್ಲ.

ಸುಗ್ಗಿ ಹಬ್ಬದ ಹರಾಜು ನೋಡದವರಿಗೆ ಹೇಳಬೇಕು. ಜನ ಹೊಲದ್ದು ಹಿತ್ತಲಿನದ್ದು ತಂದು ವೇದಿಕೆ ಮುಂದೆ ಇಡುತ್ತಾರೆ: ಜೋಳದ ಚೀಲ, ತೊಗರಿ, ಕುಂಬಳಕಾಯಿ, ಮೊಟ್ಟೆ. ಅದನ್ನೆಲ್ಲ ಹರಾಜು ಹಾಕುತ್ತಾರೆ. ಒಬ್ಬರು ತೆಂಗಿನಕಾಯಿಯನ್ನು ಐನೂರಕ್ಕೆ ಕೂಗಿ ಕೊಂಡು, ಮತ್ತೆ ದೇವರಿಗೇ ಕೊಡುತ್ತಾರೆ. ಅದೇ ಕಾಯಿ ಇನ್ನೊಮ್ಮೆ ಹರಾಜಿಗೆ ಬರುತ್ತೆ. ಹೀಗೆ ಒಂದೇ ಕಾಯಿ ನನ್ನ ಬುಕ್ಕಿನಲ್ಲಿ ಮೂರು ಹೆಸರಿನ ಮುಂದೆ ಬಂತು. ಕಾಲು ಕಟ್ಟಿದ ಹುಂಜವೊಂದು ನನ್ನ ಕುರ್ಚಿ ಕೆಳಗೆ ಕೂತು ಪಕ್ಕದ ಜೋಳದ ಚೀಲ ಕುಕ್ಕುತ್ತಿತ್ತು. ನಗದು ಯಾರು, ಬಾಕಿ ಯಾರು, ಎಲ್ಲ ಬರೆದೆ. ಸಂಜೆ ದುಡ್ಡು ಎಣಿಸಿದಾಗ ಲೆಕ್ಕ ಸರಿ ಕೂತಿತು. "ನಮ್ ಹುಡುಗ್ರು ಬರದ್ರ ಹಿಂಗಿರ್ತದ" ಅಂದರು ಸಿಸ್ಟರಮ್ಮ. ಯಾವ ಕೀ ಆನ್ಸರ್‌ನಿಂದಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ.

ಬೈಬಲಿನಲ್ಲಿ ಇಂಥ ಸಿಸ್ಟರಮ್ಮ ಒಬ್ಬ ಇದ್ದಾನೆ, ಬಾರ್ನಬ. ಅಪೊಸ್ತಲ ಪೌಲ ಮತ್ತು ಬಾರ್ನಬ ಸುವಾರ್ತೆ ಸಾರಲು ಹೋದ ಮೊದಲ ಪ್ರಯಾಣದಲ್ಲಿ ಮಾರ್ಕ ಅನ್ನುವ ಹುಡುಗ ಜೊತೆಗಿದ್ದ. ಪಂಫುಲ್ಯದ ಪೆರ್ಗೆಯಲ್ಲಿ ಕೈಬಿಟ್ಟು ಮನೆಗೆ ಹೋದ. ಮುಂದಿನ ಸಲ ಅವನನ್ನು ಕರಕೊಳ್ಳೋಣ ಅಂತ ಬಾರ್ನಬ, ಬೇಡವೇ ಬೇಡ ಅಂತ ಪೌಲ. ಜಗಳ ಎಷ್ಟು ಜೋರಾಯ್ತು ಅಂದರೆ ಇಬ್ಬರೂ ಬೇರೆಬೇರೆ ದಾರಿ ಹಿಡಿದರು. ಬಾರ್ನಬ ಮಾರ್ಕನನ್ನು ಕರಕೊಂಡು ಸೈಪ್ರಸ್‌ಗೆ ಹಡಗು ಹತ್ತಿದ. (ಮಾರ್ಕ ಅವನ ಸಂಬಂಧಿಕ ಅನ್ನೋದು ಕೊಲೊಸ್ಸೆಯ ಪತ್ರದಲ್ಲಿದೆ. ಶಿಫಾರಸು ಅಂದುಕೊಳ್ಳುವವರು ಅಂದುಕೊಳ್ಳಿ!) ಆದರೆ ಇದೇ ಬಾರ್ನಬ ಹಿಂದೆ ಯೆರೂಸಲೇಮಿನಲ್ಲಿ ಕ್ರೈಸ್ತರನ್ನು ಹಿಂಸಿಸಿದವನು ಅಂತ ಎಲ್ಲರೂ ಹೆದರಿ ದೂರ ಇಟ್ಟಿದ್ದ ಸೌಲನನ್ನೂ ಕೈಹಿಡಿದು ಅಪೊಸ್ತಲರ ಬಳಿ ಕರೆದೊಯ್ದಿದ್ದ. ಆ ಸೌಲನೇ ಈ ಪೌಲ. ತನಗೆ ಸಿಕ್ಕ ಎರಡನೇ ಅವಕಾಶವನ್ನು ಮಾರ್ಕನಿಗೆ ಕೊಡಲು ಅವನಿಗೇ ಮನಸ್ಸು ಬರಲಿಲ್ಲ. ನಮ್ಮಲ್ಲೂ ಹಾಗೇ ಅಲ್ವಾ? ನೌಕರಿ ಸಿಕ್ಕವರೇ ಮೊದಲು ಬುದ್ಧಿ ಹೇಳೋದು.

ವರ್ಷಗಳಾದ ಮೇಲೆ ಜೈಲಿನಿಂದ ಪೌಲ ತನ್ನ ಶಿಷ್ಯ ತಿಮೊಥೆಯನಿಗೆ ಬರೆಯುತ್ತಾನೆ, ಮಾರ್ಕನನ್ನು ಕರಕೊಂಡು ಬಾ, ಸೇವೆಗೆ ಅವನು ನನಗೆ ಬೇಕು ಅಂತ. ಯೇಸುವಿನ ಬದುಕು ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಎರಡನೆಯದನ್ನು ಬರೆದದ್ದು ಈ ಮಾರ್ಕನೇ, ಪೇತ್ರನ ಬಾಯಿಂದ ಕೇಳಿ ಬರೆದ ಅನ್ನೋದು ಸಭೆಯ ಹಳೇ ನಂಬಿಕೆ. ಪೇತ್ರ ಅಂದರೆ ಯೇಸುವನ್ನು ಗೊತ್ತೇ ಇಲ್ಲ ಅಂತ ಮೂರು ಸಲ ಹೇಳಿದವನು. ಓಡಿಹೋದವನು ಬರೆದ, ನುಡಿದು ತಪ್ಪಿದವನು ಹೇಳಿದ.

ನಮ್ಮ ಮೆಥೊಡಿಸ್ಟರಿಗಂತೂ ಸೋಲು ನಾಚಿಕೆಯ ವಿಷಯ ಆಗಲೇಬಾರದು. ನಮ್ಮ ಸಭೆಯ ಮೂಲಪುರುಷ ಜಾನ್ ವೆಸ್ಲಿ 1736ರಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಸೇವೆಗೆ ಹೋಗಿ, ಪ್ರೇಮವೂ ಕೆಟ್ಟು, ಕೋರ್ಟು ಕಚೇರಿಯೂ ಆಗಿ, 1737ರ ಡಿಸೆಂಬರ್‌ನಲ್ಲಿ ಹೇಳದೇ ಕೇಳದೇ ಹಡಗು ಹತ್ತಿದವನು. ಅಲ್ಲಿನವರ ಮನ ತಿರುಗಿಸಲು ಹೋದೆ, ನನ್ನ ಮನ ತಿರುಗಿಸುವವರು ಯಾರು ಅಂತ ದಿನಚರಿಯಲ್ಲಿ ಬರೆದುಕೊಂಡ. ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಅವನ ಹೃದಯ ಬೆಚ್ಚಗಾದದ್ದು ಆಮೇಲೆ, 1738ರ ಮೇ 24ರಂದು. ಆಗ ಅವನಿಗೆ 34, ನಮ್ಮ ಹುಡುಗರು ವಯೋಮಿತಿ ಲೆಕ್ಕ ಹಾಕುತ್ತಾ ನಿದ್ದೆಗೆಡುವ ವಯಸ್ಸು. ಪ್ರತಿ ವರ್ಷ ಆ ದಿನ ನೆನೆಯುತ್ತೇವೆ. ಜಾರ್ಜಿಯಾದ ಮಾತು ಎತ್ತುವವರು ಕಡಿಮೆ.

ನಾನೀಗ ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ತೊಗರಿ ಸೀಸನ್‌ನಲ್ಲಿ ಅಂಗಿಯೆಲ್ಲ ಹೊಟ್ಟಿನ ಧೂಳು. ಶನಿವಾರ ಬೀದರ್ ರೈಲು ಹಿಡಿದು ಊರಿಗೆ. ದೇವರು ನನಗೆ ಸರ್ಕಾರಿ ನೌಕರಿಗಿಂತ ಒಳ್ಳೆಯದನ್ನೇ ಕೊಟ್ಟ ಅಂತ ಹೇಳಿದರೆ ಸುಳ್ಳಾಗುತ್ತೆ. ಸಂಬಳ ಕಡಿಮೆ, ಪಿಂಚಣಿ ಇಲ್ಲ. ಎಫ್‌ಡಿಎ ಪಟ್ಟಿ ಬಂದ ದಿನ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತೆ. ಆದರೆ ಕರ್ತನ ಭೋಜನಕ್ಕೆ ಮೊಣಕಾಲೂರುವಾಗ ಪಕ್ಕದಲ್ಲಿ ತಹಸೀಲ್ದಾರ್ ಇರಲಿ, ಕೂಲಿಯವರಿರಲಿ, ನನಗೆ ತಲೆ ತಗ್ಗಿಸಬೇಕು ಅನ್ನಿಸಲ್ಲ. ನಂಬಿಕೆಯಿಂದ ನನಗೆ ಆದದ್ದು ಇಷ್ಟು. ಇದು ಸಣ್ಣದಲ್ಲ.

ಹೋದ ತಿಂಗಳು ಪಾಸ್ಟರ್‌ಗೆ ಒಂದು ಮಾತು ಹೇಳಿದ್ದೆ, ಇನ್ನೂ ಉತ್ತರ ಸಿಗದವರೂ ಸಾಕ್ಷಿ ಹೇಳಲಿ ಅಂತ. ಒಪ್ಪಿದರು, ಸ್ವಲ್ಪ ಅನುಮಾನದಲ್ಲೇ. ಮೊದಲ ಭಾನುವಾರ ಯಾರೂ ಏಳಲಿಲ್ಲ. ಎರಡನೇ ವಾರ ಹಿಂದಿನಿಂದ ಒಬ್ಬರು ಎದ್ದರು (ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ). "ಆಡು ಸತ್ತವು. ಸಾಲ ಅದ. ಇನ್ನಾ ತೀರಿಲ್ಲ. ಪ್ರಾರ್ಥನಾ ಮಾಡ್ರಿ" ಅಂದು ಕೂತುಬಿಟ್ಟರು. ಸ್ತೋತ್ರ ಅನ್ನಬೇಕಾ ಬೇಡವಾ ಅಂತ ಯಾರಿಗೂ ತಿಳಿಯಲಿಲ್ಲ. ಆರಾಧನೆ ಮುಗಿದ ಮೇಲೆ ಯೂತ್ ಫೆಲೋಶಿಪ್ ಹುಡುಗರು ಅವರನ್ನು ಸುತ್ತಿಕೊಂಡು ಬಡ್ಡಿ ಎಷ್ಟು, ಕಾಗದ ಎಲ್ಲಿದೆ ಅಂತ ಕೇಳಿದರು. ಕಾಗದ ಈಗ ನನ್ನ ಹತ್ತಿರ ಬಂದಿದೆ. ಬಡ್ಡಿ ಲೆಕ್ಕ ಎರಡು ಕಡೆ ತಪ್ಪಾಗಿದೆ, ಈ ಶನಿವಾರ ಸಾಲ ಕೊಟ್ಟವರ ಹತ್ತಿರ ಕೂತು ಮಾತಾಡಬೇಕು.