ಸಾಕ್ಷಿಯ ಎಡಗೈಯಲ್ಲಿದ್ದ ಕೊಡೆ

2017ರ ಆಷಾಢದ ಒಂದು ಬೆಳಿಗ್ಗೆ, ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗುವ ದಾರಿಯ ಕೈಮರದ ಬಳಿ ಜೀಪೊಂದು ಸ್ಕೂಟರಿಗೆ ಡಿಕ್ಕಿ ಹೊಡೆಯಿತು. ನಾನು ಅದರ ಪ್ರತ್ಯಕ್ಷ ಸಾಕ್ಷಿಯಾದೆ. ಪ್ರತ್ಯಕ್ಷವೆಂದರೆ, ಎಡಗೈಯಲ್ಲಿ ಕೊಡೆ ಹಿಡಿದು ಬಸ್ಸಿಗೆ ಕಾಯುತ್ತಿದ್ದ ನನಗೆ ಬೆನ್ನ ಹಿಂದೆ ಸದ್ದು ಕೇಳಿಸಿತು, ತಿರುಗಿ ನೋಡುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು. ಹತ್ತು ಮಾರು ದೂರದ ಸಿಲ್ವರ್ ಮರವೂ ಕಾಣದಂಥ ಮಂಜಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಮಗುಚಿದ ಸ್ಕೂಟರಿನ ಹಿಂದಿನ ಚಕ್ರವೊಂದೇ. ಅದು ಕೆಸರು ಸಿಡಿಸುತ್ತ ಇನ್ನೂ ತಿರುಗುತ್ತಿತ್ತು.

ಈ ಒಂದು ಚಕ್ರದ ಬಂಡವಾಳದಿಂದ ನಾನು ಇಡೀ ಅಪಘಾತವನ್ನು ಸಂಪಾದಿಸಿದೆ. ಪಕ್ಕದ ಹೋಟೆಲಿನಲ್ಲಿ ಮೊದಲ ಲೋಟ ಕಾಫಿ ಮುಗಿಯುವುದರೊಳಗೆ ಜೀಪಿಗೆ ಬಣ್ಣ ಬಂತು. ಯಾರೋ ಕೆಂಪು ಎಂದರು, ನನಗೂ ಹೌದಲ್ಲ ಎನಿಸಿತು. ಎರಡನೇ ಸಲ ಹೇಳುವಾಗ ಚಾಲಕನ ಕಿವಿಗೆ ಫೋನು ಬಂದಿತ್ತು. ಸಂಜೆ ಮನೆಯಲ್ಲಿ ಹೇಳುವಷ್ಟರಲ್ಲಿ ಅವನಿಗೆ ಮೀಸೆಯೂ ಬೆಳೆದಿತ್ತು.

ಠಾಣೆಯಲ್ಲಿ ಹೇಳಿಕೆ ಬರೆದುಕೊಳ್ಳುತ್ತಿದ್ದವರು, "ಮೇಷ್ಟ್ರೇ, ಜೀಪು ಎಷ್ಟು ಸ್ಪೀಡಲ್ಲಿ ನುಗ್ಗಿ ಬಂದು ಗುದ್ದಿತು?" ಎಂದು ಕೇಳಿದರು. ಜೀಪು ಬಂದದ್ದನ್ನೇ ನೋಡದ ನಾನು, "ಅರವತ್ತಕ್ಕೆ ಕಡಿಮೆಯಿಲ್ಲ" ಎಂದೆ. ಕಾಗದಕ್ಕೆ ಇಳಿದದ್ದು ಮಾತ್ರ 'ಅತಿ ವೇಗ ಮತ್ತು ಅಜಾಗರುಕತೆಯಿಂದ ಚಲಾಯಿಸಿಕೊಂಡು ಬಂದು' ಎಂಬ ನಾಡಿಗೆಲ್ಲ ಪರಿಚಿತವಾದ ವಾಕ್ಯ. ಉಳಿದ ಮೂವರು ಸಾಕ್ಷಿಗಳೂ, ಅವರಲ್ಲಿ ತಮಿಳು ಬಿಟ್ಟು ಬೇರೇನೂ ಬಾರದ ತೋಟದ ಕಾರ್ಮಿಕರೊಬ್ಬರು ಸೇರಿದಂತೆ, ಇದೇ ಗ್ರಾಂಥಿಕ ಕನ್ನಡದಲ್ಲಿ, 'ಅಜಾಗರೂಕತೆ'ಯ ದೀರ್ಘವನ್ನು ಇದೇ ಜಾಗದಲ್ಲಿ ನುಂಗಿ ಹೇಳಿಕೆ ಕೊಟ್ಟಿದ್ದರು.

ಒಂದು ಕ್ರಿಯಾಪದ ಏನೆಲ್ಲ ಮಾಡಬಲ್ಲದು ಎಂಬುದನ್ನು ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲೇ ತೋರಿಸಿದ್ದಾರೆ. ಕಾರುಗಳ ಅಪಘಾತದ ತುಣುಕುಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ ವೇಗವೆಷ್ಟಿತ್ತೆಂದು ವಿಚಾರಿಸಿದಾಗ, 'ತಾಗಿದವು' ಎಂಬ ಪದ ಕೇಳಿದವರು ಗಂಟೆಗೆ ಸರಾಸರಿ ಸುಮಾರು 32 ಮೈಲಿ ಎಂದರೆ, 'ಅಪ್ಪಳಿಸಿದವು' ಎಂಬುದನ್ನು ಕೇಳಿದವರು 40ಕ್ಕೆ ಏರಿಸಿದರು. ಇಂಥದೇ ಇನ್ನೊಂದು ಪ್ರಯೋಗದಲ್ಲಿ ವಾರದ ಬಳಿಕ ಒಡೆದ ಗಾಜು ನೋಡಿದಿರಾ ಎಂದು ಕೇಳಲಾಯಿತು. 'ಅಪ್ಪಳಿಸಿದ' ಗುಂಪಿನ 50 ಜನರಲ್ಲಿ 16 ಮಂದಿ ನೋಡಿದೆವು ಎಂದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಅವರಿಗೆ ಕೈಮರದ ಕಾಫಿ ಕುಡಿಸಿದ್ದರೆ ಮಿಕ್ಕ 34 ಮಂದಿಗೂ ಗಾಜು ಕಾಣಿಸುತ್ತಿತ್ತು.

ನಮ್ಮ ಕಾನೂನಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ. ಉತ್ತರವನ್ನು ಹೊಟ್ಟೆಯಲ್ಲಿಟ್ಟುಕೊಂಡ ಪ್ರಶ್ನೆಯನ್ನು, ಎದುರು ಪಕ್ಷ ಆಕ್ಷೇಪಿಸಿದರೆ, ವಕೀಲರು ತಮ್ಮದೇ ಸಾಕ್ಷಿಯ ಮುಖ್ಯ ವಿಚಾರಣೆಯಲ್ಲಿ ನ್ಯಾಯಾಲಯದ ಅನುಮತಿಯಿಲ್ಲದೆ ಕೇಳುವಂತಿಲ್ಲವೆಂದು 1872ರ ಸಾಕ್ಷ್ಯ ಅಧಿನಿಯಮವೇ ಹೇಳಿತ್ತು. ಆ ಎಚ್ಚರವೆಲ್ಲ ಕಟಕಟೆಯ ಬಳಿ ಕಾವಲು ನಿಂತಿರುತ್ತದೆ. ಕಳವು ಮಾತ್ರ ಹೋಟೆಲಿನಲ್ಲಿ, ಠಾಣೆಯಲ್ಲಿ ಮೊದಲೇ ಮುಗಿದಿರುತ್ತದೆ.

ಸಮನ್ಸ್ ಬಂದದ್ದು 2024ರಲ್ಲಿ. ಕಲಿತದ್ದರಲ್ಲಿ ಹೆಚ್ಚಿನದು ಮೊದಲ ಒಂದೆರಡು ದಿನಗಳಲ್ಲೇ ಮರೆತುಹೋಗುತ್ತದೆಂದು ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಬರೆದನಂತೆ. ಪಾಪ, ಅವನಿಗೆ ನ್ಯಾಯಾಲಯದ ಜಗಲಿಯಲ್ಲಿ ಹಳೆಯ ಹೇಳಿಕೆಯನ್ನು ಓದಿ ಬಾಯಿಪಾಠ ಮಾಡಿಸುವವರು ಇರಲಿಲ್ಲ. ನನಗಿಂತ ಮೊದಲು ಕಟಕಟೆ ಹತ್ತಿದ ಹೋಟೆಲಿನ ಯಜಮಾನರು, "ಏಳು ವರ್ಷ ಆಯ್ತು ಸ್ವಾಮಿ, ಸರಿಯಾಗಿ ನೆನಪಿಲ್ಲ" ಎಂದರು. ಅಂದು ಅಲ್ಲಿ ಆಡಿದ ಒಂದೇ ನಿಜಕ್ಕಾಗಿ ಅವರನ್ನು ಪ್ರತಿಕೂಲ ಸಾಕ್ಷಿ ಎಂದು ಘೋಷಿಸಲಾಯಿತು.

ನಾನು ಹಾಗೆ ಮಾಡಲಿಲ್ಲ. ಆರೋಪಿಗಳ ಜಾಗದಲ್ಲಿ ಒಬ್ಬನೇ ಒಬ್ಬ ನಿಂತಿರುವಾಗ ಚಾಲಕ ಯಾರೆಂದು ಗುರುತಿಸುವುದು ಅಂಥ ಕಷ್ಟವೇನಲ್ಲ. ಅವನಿಗೆ ಮೀಸೆಯಿರಲಿಲ್ಲ, ಬೋಳಿಸಿಕೊಂಡಿದ್ದಾನೆ ಎಂದುಕೊಂಡೆ. ಪಾಟೀ ಸವಾಲಿನಲ್ಲಿ ವಕೀಲರು, ಮಳೆಯಲ್ಲಿ ಕೊಡೆ ಅಡ್ಡ ಬಂದಿರಲಿಲ್ಲವೇ ಎಂದು ಕೆಣಕಿದರು. "ಕೊಡೆ ಎಡಗೈಯಲ್ಲಿತ್ತು, ಜೀಪು ಬಂದದ್ದು ಬಲಗಡೆಯಿಂದ" ಎಂದು ನಾನು ಹೇಳಿದ ಠೀವಿಗೆ ಹಿಂದಿನ ಬೆಂಚಿನ ಕಿರಿಯ ವಕೀಲರೊಬ್ಬರು ತಲೆದೂಗಿದರು. ಅಮೆರಿಕದಲ್ಲಿ ರೊನಾಲ್ಡ್ ಕಾಟನ್ ಎಂಬವನನ್ನು ಸಂತ್ರಸ್ತೆಯೇ ಇಷ್ಟೇ ಖಚಿತವಾಗಿ ಗುರುತಿಸಿದ್ದಳು. ಅವನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಮೇಲೆ, 1995ರಲ್ಲಿ ಡಿಎನ್‌ಎ ಪರೀಕ್ಷೆ ಅಪರಾಧಿ ಬೇರೊಬ್ಬನೆಂದು ತೋರಿಸಿತು. ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂದು ಮೂವತ್ತು ವರ್ಷ ಮಕ್ಕಳಿಗೆ ಗಾದೆ ವಿಸ್ತರಿಸಲು ಕೊಟ್ಟವನು ನಾನು. ಅಂದು ನನಗೆ ಆ ಗಾದೆಯೂ ನೆನಪಾಗಲಿಲ್ಲ, ಕಾಟನ್ನನೂ ನೆನಪಾಗಲಿಲ್ಲ.

ಮನೆಗೆ ಬಂದು ಊಟಕ್ಕೆ ಕುಳಿತು ಎಲ್ಲವನ್ನೂ ವರ್ಣಿಸಿದೆ. ಸಾರು ಬಡಿಸುತ್ತಿದ್ದ ನಮ್ಮವಳು ಸೌಟನ್ನು ಅಲ್ಲೇ ಹಿಡಿದು, "ಯಾವ ಕೊಡೆ ರೀ? ಅದನ್ನ ಹಿಂದಿನ ವಾರವೇ ಕಡೂರು ಬಸ್ಸಲ್ಲಿ ಬಿಟ್ಟು ಬಂದಿದ್ರಲ್ಲ, ಅವತ್ತು ತಲೆಗೆ ಟವೆಲ್ ಹಾಕ್ಕೊಂಡು ಹೋಗಿದ್ರಿ" ಎಂದಳು. ನನ್ನ ಎಡಗೈಯಲ್ಲಿ ಅದರ ಬಾಗಿದ ಹಿಡಿಯ ತಣ್ಪು ಈಗಲೂ ಇದೆ.