ರಜೆ ಕೊಡೋದು ಬೇರೆ, ಪಗಾರದಲ್ಲಿ ವರ್ಗಣಿ ಮುರಿಯೋದು ಬೇರೆ

ಹೋದ ವರ್ಷ ಗಣೇಶ ಚೌತಿ ತಿಂಗಳ ಪಗಾರದ ಶೀಟ್ ಮಾಡಿದ್ದು ನಾನೇ. ಹುಬ್ಬಳ್ಳಿ ಗೋಕುಲ ರೋಡ್ ಕಡೆ ಒಂದು ಸಣ್ಣ ಕಾರ್ಖಾನೆ, ನಲವತ್ತು ಜನ. ಪಿಎಫ್, ಇಎಸ್‌ಐ ಆದ ಮೇಲೆ ಇನ್ನೊಂದು ಕಾಲಂ ಸೇರಿಸಿ ಅಂದರು. ‘ಹಬ್ಬದ ವರ್ಗಣಿ’, ಅಂದರೆ ಗಣಪತಿ ಇಡಲಿಕ್ಕೆ ಚಂದಾ, ತಲೆಗೆ 500 ರೂಪಾಯಿ. ಮೊದಲನೇ ಹೆಸರಿನ ಮುಂದೆ 500 ಅಂತ ಹೊಡೆದು, ಮೌಸ್ ಹಿಡಿದು ಕೆಳಗಿನವರೆಗೂ ಎಳೆದೆ. ನಲವತ್ತೂ ಹೆಸರಿಗೆ ಬಂತು. ಯಾರನ್ನೂ ಕೇಳಲಿಲ್ಲ. ಕೇಳಬೇಕು ಅಂತ ನನಗೂ ಅನಿಸಲಿಲ್ಲ.

ಪಗಾರ ಆದ ಮರುದಿನ ಲೇಥ್ ಮೇಲೆ ಕೆಲಸ ಮಾಡುವವರೊಬ್ಬರು ಸ್ಲಿಪ್ ಹಿಡ್ಕೊಂಡು ಬಂದರು. ಗದಗ ಕಡೆಯವರು, ಜಾಸ್ತಿ ಮಾತಾಡೋರಲ್ಲ.

“ಅಕ್ಕಾರ, ಇದೇನ್ರಿ ಐದನೂರು?”

ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ನಿಂತರು. ಅಂಗಿಯೊಳಗೆ ಎದೆಯ ಮೇಲಿದ್ದ ಲಿಂಗದ ಕರಡಿಗೆ ಮುಟ್ಟಿಕೊಂಡು, “ನಾವು ಇಷ್ಟಲಿಂಗ ಬಿಟ್ಟು ಬ್ಯಾರೆ ಪೂಜಾ ಮಾಡಂಗಿಲ್ರಿ. ನೀವು ಗಣಪತಿ ಇಡ್ರಿ, ನಂದೇನೂ ತಕರಾರಿಲ್ಲ. ಆದ್ರ ಒಂದ್ ಮಾತ ಕೇಳಬೇಕಿತ್ರಿ” ಅಂದು ಹೋದರು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಬ್ಬದ ಜಗಳ ಅಂದರೆ ಹಿಂದೂ ಮುಸ್ಲಿಂ ನಡುವಿನದ್ದು ಅಂತಲೇ ನಾವು ತಿಳಿದಿರುತ್ತೇವೆ ಅಲ್ವಾ? ಕೇಳಿದ್ದು ಇವರು. ನಮ್ಮಲ್ಲಿ ಕೆಲಸ ಮಾಡುವ ಮುಸ್ಲಿಂ ಹುಡುಗರ ಪಗಾರದಲ್ಲೂ 500 ಮುರಿದಿತ್ತು. ಅವರು ತುಟಿ ಬಿಚ್ಚಲಿಲ್ಲ. ಖುಷಿಯಿಂದ ಸುಮ್ಮನಿದ್ದರೋ, ಕೆಲಸದ ಚಿಂತೆಗೋ? ಅದನ್ನು ನೆನೆಸಿಕೊಂಡರೆ ಇನ್ನೂ ಜಾಸ್ತಿ ಸಂಕಟ ಆಗುತ್ತೆ.

ಮೊದಲೇ ಹೇಳಿಬಿಡ್ತೇನೆ, ನಾನು ಗಣಪತಿ ಇಡುವ ಮನೆಯವಳು. ಐದು ದಿನ ಇಡುತ್ತೇವೆ, ಕರಿಗಡಬು ಮಾಡುತ್ತೇವೆ, ಕಳಿಸುವಾಗ ಕಣ್ಣಲ್ಲಿ ನೀರೂ ಬರುತ್ತೆ. ಹಬ್ಬ ಬೇಡ ಅಂತ ಇದನ್ನು ಬರೆಯುತ್ತಿಲ್ಲ.

ನಮ್ಮ ರಾಜ್ಯದಲ್ಲಿ ಕಾರ್ಖಾನೆ, ಅಂಗಡಿಗಳ ರಜೆಗೆ ಅಂತಲೇ 1963ರ ಒಂದು ಕಾಯ್ದೆ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1, ಇವಕ್ಕೆ ರಜೆ ಕೊಡಲೇಬೇಕು. ಜೊತೆಗೆ ಹಬ್ಬಗಳಿಗೆ ಅಂತ ಇನ್ನೂ ಐದು ದಿನ. ಆ ಕಾಯ್ದೆ ರಜೆ ಕೊಡು ಅನ್ನುತ್ತೆ, ಹಬ್ಬ ಮಾಡಿಸು ಅನ್ನಲ್ಲ. ಸರ್ಕಾರಿ ನೌಕರರ ಪರಿಮಿತ ರಜೆಯೂ ಹಾಗೇ. ಪಟ್ಟಿಯಲ್ಲಿ ಎಲ್ಲರ ಹಬ್ಬಗಳೂ ಇರುತ್ತವೆ, ತಮಗೆ ಬೇಕಾದ್ದನ್ನು ಅವರವರೇ ಆರಿಸಿಕೊಳ್ಳುತ್ತಾರೆ. ನಿಮಗೆ ಇದು ದೊಡ್ಡ ದಿನ ಅಂತ ನನಗೆ ಗೊತ್ತಿದೆ, ಹೋಗಿ ಬನ್ನಿ ಅಂದಂತೆ. ರಮಜಾನ್ ತಿಂಗಳಲ್ಲಿ ರೋಜಾ ಬಿಡುವ ಹೊತ್ತಿಗೆ ಮನೆ ಸೇರಲಿ ಅಂತ ಶಿಫ್ಟ್ ಅರ್ಧ ಗಂಟೆ ಹಿಂದೆ ಮುಂದೆ ಮಾಡಿಕೊಟ್ಟರೂ ಅಷ್ಟೇ. ಅಲ್ಲಿ ಯಾರ ಜೇಬಿಗೂ ಯಾರೂ ಕೈ ಹಾಕಲ್ಲ.

ಹಣ ಕೊಡೋದು, ಪೂಜೆಗೆ ಬಂದು ನಿಲ್ಲೋದು, ಮಂಟಪ ಕಟ್ಟೋದು ಬೇರೆ ಮಾತು. ಅದು ಮನಸ್ಸಿನಿಂದ ಬರಬೇಕು. ಸಂವಿಧಾನದ 27ನೇ ವಿಧಿ ಇದನ್ನೇ ಹಿಡಿದುಕೊಂಡಿದೆ: ಒಂದು ಧರ್ಮವನ್ನು ಬೆಳೆಸಲಿಕ್ಕೆ, ನಡೆಸಲಿಕ್ಕೆ ಅಂತಲೇ ಎತ್ತಿಟ್ಟ ತೆರಿಗೆಯನ್ನು ಕಟ್ಟು ಅಂತ ಯಾರನ್ನೂ ಒತ್ತಾಯಿಸುವಂತಿಲ್ಲ. ಆ ಮಾತು ಸರ್ಕಾರದ ತೆರಿಗೆಗೆ, ನಮ್ಮ ಕಾರ್ಖಾನೆಗಲ್ಲ, ಗೊತ್ತು. ಆದರೆ ಸರ್ಕಾರವೇ ಮಾಡಬಾರದು ಅಂದಿದ್ದನ್ನು ನಾನು ಒಂದು ಮೌಸ್ ಎಳೆದು ಮಾಡಿಬಿಟ್ಟೆನಲ್ಲ.

ಮನಸ್ಸಿನಿಂದ ಬರೋದು ಹೇಗಿರುತ್ತೆ ಅಂತ ನಮ್ಮ ಭಾಗದವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮೂರು ಹಾವೇರಿ ಜಿಲ್ಲೆ. ಮೊಹರಂ ಬಂದರೆ ನಮ್ಮ ಆಯಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಸಣ್ಣ ಹಿತ್ತಾಳೆ ಬಟ್ಟಲಲ್ಲಿ ಸಕ್ಕರೆ ತುಂಬಿಕೊಂಡು ಅಲಾಯಿ ದೇವರ, ಅಂದರೆ ಮೊಹರಂನಲ್ಲಿ ಕೂರಿಸುವ ಪಂಜಾದ, ಹತ್ತಿರ ಹೋಗುತ್ತಿದ್ದಳು. ನನ್ನ ತಮ್ಮ ಹುಟ್ಟಿದಾಗ ಬೇಡಿಕೊಂಡಿದ್ದಳಂತೆ. ಮುಲ್ಲಾ ಸಾಹೇಬರು ಸಕ್ಕರೆ ಓದಿಸಿ ಒಂದು ಚಿಟಿಕೆ ಅಲ್ಲೇ ಇಟ್ಟುಕೊಂಡು ಉಳಿದದ್ದು ವಾಪಸ್ ಕೊಡೋರು. ತಮ್ಮನ ಕೊರಳಿಗೆ ಕೆಂಪು ಲಾಡಿ. ಮನೆಗೆ ಬಂದ ಮೇಲೆ ಆ ಸಕ್ಕರೆ ನಮ್ಮೆಲ್ಲರ ಅಂಗೈಗೆ. ಬಿಸಿಲಿಗೆ ಸ್ವಲ್ಪ ಕರಗಿ ಅಂಟಂಟಾಗಿರುತ್ತಿತ್ತು. ಪಕ್ಕದ ಮನೆಯವರು ಮಾತ್ರ ಹೋಗುತ್ತಿರಲಿಲ್ಲ. ಯಾಕೆ ಅಂತ ನಾನು ಕೇಳಿದ್ದಕ್ಕೆ ಆಯಿ, “ಅವರ ನಡಕೊಳ್ಳಂಗಿಲ್ಲವಾ, ಬಿಡು” ಅಂದಿದ್ದಳು, ಅಷ್ಟೇ. ಹೋಗದವರ ಬಗ್ಗೆ ಊರಲ್ಲಿ ಯಾರೂ ಲೆಕ್ಕ ಇಡುತ್ತಿರಲಿಲ್ಲ. ಶಿಶುನಾಳದ ಶರೀಫರು ಕಳಸದ ಗೋವಿಂದ ಭಟ್ಟರನ್ನು ಗುರು ಅಂತ ಒಪ್ಪಿಕೊಂಡಿದ್ದೂ ಇದೇ ಸೀಮೆಯಲ್ಲಿ. ಯಾರ ಹುಕುಂ ಇತ್ತು ಅದಕ್ಕೆ?

“ಐನೂರು ರೂಪಾಯಿ ಏನು ದೊಡ್ಡದು, ನಮ್ಮ ಹಬ್ಬಕ್ಕೆ ಅಷ್ಟೂ ಕೊಡಬಾರದಾ?” ಅಂತ ನನ್ನ ಅಣ್ಣನೇ ಕೇಳಿದ. ಕೊಡಬೇಕು ಅನಿಸಿದವರು ಸಾವಿರ ಕೊಡಲಿ. ಓಣಿಯ ಹುಡುಗರು ಮನೆಗೆ ಬಂದು ವರ್ಗಣಿ ಎತ್ತುತ್ತಾರೆ, ಆಗಲ್ಲ ಅಂದರೆ ಮುಂದಿನ ಮನೆಗೆ ಹೋಗುತ್ತಾರೆ. ಅಲ್ಲಿ ಇಲ್ಲ ಅನ್ನಲಿಕ್ಕೆ ಜಾಗ ಇದೆ. ಪಗಾರದ ಸ್ಲಿಪ್‌ನಲ್ಲಿ ಆ ಜಾಗ ಎಲ್ಲಿದೆ? ಕೇಳದೆ ತೆಗೆದುಕೊಂಡ ದುಡ್ಡಲ್ಲಿ ತಂದ ಹೂವನ್ನು ನನ್ನ ಗಣಪನಿಗೆ ಏರಿಸಲು ನನಗೇ ಮನಸ್ಸಾಗುತ್ತಿಲ್ಲ.

ಮೊನ್ನೆ ಮಾಲೀಕರ ಹತ್ತಿರ ಹೋಗಿ ಹೇಳಿದೆ. ಸರ್, ಚಹಾ ಕುಡಿಯುವ ಟೇಬಲ್ ಮೇಲೆ ಒಂದು ವಹಿ ಇಡೋಣ, ಕೊಡೋರು ಬರೆದು ಕೊಡಲಿ, ಪಗಾರದಲ್ಲಿ ಮುರಿಯೋದು ಬೇಡ ಅಂತ. “ನೋಡೂಣು ತಗೋರಿ” ಅಂದಿದ್ದಾರೆ. ಹೋದ ವರ್ಷ ಮುರಿದ 500 ವಾಪಸ್ ಕೊಡೋಣ ಅಂತಲೂ ಕೇಳಿದ್ದೇನೆ, ಅದಕ್ಕಿನ್ನೂ ಉತ್ತರ ಬಂದಿಲ್ಲ. ಈ ತಿಂಗಳ ಶೀಟ್ ತೆರೆದಾಗ ಹಳೆಯ ಕಾಲಂ ಹಾಗೇ ಇತ್ತು. ಅಳಿಸಿದೆ.