“ಆ 6 ಯಾರು ಹೇಳಿದ್ದು?”

ಮೊನ್ನೆ ಒಂದು ನರ್ಸಿಂಗ್ ಕಾಲೇಜಿಗೆ ಎಂ.ಎಸ್ಸಿ ಮೊದಲ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಮಾಡೋಕೆ ಎಕ್ಸ್‌ಟರ್ನಲ್ ಎಕ್ಸಾಮಿನರ್ ಆಗಿ, ಅಂದರೆ ಹೊರಗಿನ ಪರೀಕ್ಷಕಿಯಾಗಿ ಹೋಗಿದ್ದೆ. ಯಾವ ಕಾಲೇಜು ಅಂತ ಕೇಳಬೇಡಿ, ಹೇಳಲ್ಲ. ಬಂದು ಎರಡು ದಿನ ಆಯ್ತು. ಸಿಟ್ಟು ಇನ್ನೂ ಇಳಿದಿಲ್ಲ.

ಹುಡುಗಿ ಚುರುಕಾಗಿದ್ದಳು. ಕಾಲಿನ ಮೂಳೆ ಮುರಿದು ರಾಡ್ ಹಾಕಿಸಿಕೊಂಡ ಪೇಷೆಂಟ್ ಅವಳ ಪಾಲಿಗೆ ಬಂದಿದ್ದರು. ಪೇಷೆಂಟ್ ತೊಂದರೆ ಏನು, ಆರೈಕೆ ಹೇಗೆ ಅಂತ ಬರೆಯೋ ಕೇರ್ ಪ್ಲಾನ್ ಅಚ್ಚುಕಟ್ಟಾಗಿತ್ತು. ಓರೆಮ್ ಅನ್ನೋರ ನರ್ಸಿಂಗ್ ಥಿಯರಿ ಹಾಕಿ ಬರೆದಿದ್ದಳು, ಸ್ಕೇಲ್ ಇಟ್ಟು ಎರಡು ಬಣ್ಣದಲ್ಲಿ ಗೆರೆ ಎಳೆದಿದ್ದಳು. ಮೊದಲನೇ ಸಾಲಿನಲ್ಲೇ ನೋವು. ಸ್ಕೋರ್ 10ಕ್ಕೆ 6.

“ಈ 6 ಯಾರು ಹೇಳಿದ್ದಮ್ಮಾ?” ಅಂದೆ.

“ಪೇಷೆಂಟ್, ಮೇಡಂ.”

“ಯಾವಾಗ ಕೇಳಿದೆ?”

ಸುಮ್ಮನಾದಳು. ಆಮೇಲೆ ಮೆಲ್ಲಗೆ ಹೇಳಿದಳು: “ಸರ್ಜರಿ ಆದವರಿಗೆ 6 ಹಾಕ್ತೀವಿ ಮೇಡಂ.”

ನಾನು ಮಂಚದ ಹತ್ತಿರ ಹೋಗಿ ಅವರನ್ನೇ ಕೇಳಿದೆ. “ಈಗ ಪರವಾಗಿಲ್ಲ ಮೇಡಂ. ಬ್ಯಾಂಡೇಜ್ ಬಿಚ್ಚೋವಾಗ ಮಾತ್ರ ಜೀವ ಹೋಗುತ್ತೆ” ಅಂದರು. ಕೇರ್ ಪ್ಲಾನಿನಲ್ಲಿ ಡ್ರೆಸಿಂಗ್ ಸಮಯದ ನೋವಿನ ಬಗ್ಗೆ ಒಂದಕ್ಷರ ಇರಲಿಲ್ಲ.

ವಾಪಸ್ ಬಂದು ಹುಡುಗಿಗೆ ಇನ್ನೊಂದು ಪ್ರಶ್ನೆ ಕೇಳಿದೆ. “ಇನ್ನೊಬ್ಬರ ನೋವು ನಿನಗೆ ಹೇಗೆ ಗೊತ್ತಾಗುತ್ತೆ? ಯೋಚನೆ ಮಾಡಿ ಹೇಳು.” ಅವಳು ಯೋಚಿಸುತ್ತಿದ್ದಳು, ನಿಜವಾಗಲೂ ಯೋಚಿಸುತ್ತಿದ್ದಳು. ಅಷ್ಟರಲ್ಲಿ ಪಕ್ಕದಲ್ಲಿದ್ದ ಇಂಟರ್ನಲ್ ಎಕ್ಸಾಮಿನರ್ ಗಡಿಯಾರ ನೋಡಿ, “ಮೇಡಂ, ಫಿಲಾಸಫಿ ಎಲ್ಲ ಬೇಡ, ಇನ್ನೂ ಆರು ಜನ ಇದ್ದಾರೆ” ಅಂದುಬಿಟ್ಟರು.

ಫಿಲಾಸಫಿ ಎಲ್ಲ ಬೇಡ. ಈ ಮಾತನ್ನು ಎಷ್ಟು ವರ್ಷದಿಂದ ಎಷ್ಟು ಜನರ ಬಾಯಲ್ಲಿ ಕೇಳಿದ್ದೀನೋ ಲೆಕ್ಕ ಇಲ್ಲ.

ನರ್ಸಿಂಗ್ ಗೊತ್ತಿಲ್ಲದ ಗೆಳೆಯರಿಗೆ ಸ್ವಲ್ಪ ಹೇಳ್ತೀನಿ. ಎಂ.ಎಸ್ಸಿ ಮೊದಲ ವರ್ಷದಲ್ಲಿ ‘ಅಡ್ವಾನ್ಸ್ ನರ್ಸಿಂಗ್ ಪ್ರಾಕ್ಟೀಸ್’ ಅಂತ ಒಂದು ಪೇಪರ್ ಇದೆ. ನಾನು ಕಲಿತ, ಕಲಿಸುತ್ತಿರುವ ಸಿಲಬಸ್‌ನಲ್ಲಿ ಅದಕ್ಕೆ 150 ಗಂಟೆ ಥಿಯರಿ. ಅದರಲ್ಲಿ ಆರನೇ ಯೂನಿಟ್ಟಿನ ಹೆಸರೇ ನರ್ಸಿಂಗಿನ ಫಿಲಾಸಫಿ ಮತ್ತು ಥಿಯರಿಗಳು. 20 ಗಂಟೆ. ನೈಟಿಂಗೇಲ್, ಹೆಂಡರ್ಸನ್, ಪೆಪ್ಲಾವ್, ಓರೆಮ್, ರಾಯ್, ವಾಟ್ಸನ್, ನರ್ಸಿಂಗ್ ಥಿಯರಿ ಕೊಟ್ಟವರೆಲ್ಲರೂ ಅಲ್ಲಿದ್ದಾರೆ. ಕಂಪ್ಯೂಟರ್ ಕಲಿಯೋಕೆ 25 ಗಂಟೆ ಇಟ್ಟಿದ್ದಾರೆ, ಅದೂ ಬೇಕು, ಬೇಡ ಅನ್ನಲ್ಲ. ಆದರೆ ಆ 20 ಗಂಟೆ ಏನಾಗುತ್ತೆ ಗೊತ್ತಾ? ನೋಟ್ಸ್ ಬರೆಸ್ತಾರೆ. ಒಬ್ಬೊಬ್ಬರ ಥಿಯರಿಗೂ ಒಂದು ಚಿತ್ರ, ನಾಲ್ಕು ಡಬ್ಬಿ, ಬಾಣದ ಗುರುತು. ಯಾವುದು ಪರೀಕ್ಷೆಗೆ ಬರುತ್ತೋ ಅದಕ್ಕೆ ನಕ್ಷತ್ರ. ಮುಗೀತು.

1978ರಲ್ಲಿ ಬಾರ್ಬರಾ ಕಾರ್ಪರ್ ಅನ್ನೋ ನರ್ಸಿಂಗ್ ಪ್ರೊಫೆಸರ್ ಒಂದು ಲೇಖನ ಬರೆದರು. ನರ್ಸ್‌ಗೆ ತಿಳಿವಳಿಕೆ ಬರೋದು ನಾಲ್ಕು ದಾರಿಯಲ್ಲಿ ಅಂದರು. ವಿಜ್ಞಾನದಿಂದ, ಕೈಗೂ ಕಣ್ಣಿಗೂ ಒಲಿದ ಕಲೆಯಿಂದ, ಸರಿ ತಪ್ಪಿನ ವಿಚಾರದಿಂದ, ತನ್ನನ್ನು ತಾನು ಅರಿತುಕೊಳ್ಳೋದರಿಂದ. ನಮ್ಮ ಮಕ್ಕಳು ಈ ನಾಲ್ಕನ್ನೂ ಇಂಗ್ಲಿಷಿನಲ್ಲಿ ಗಡಗಡ ಅಂತ ಒಪ್ಪಿಸ್ತಾರೆ. ಆ ಹುಡುಗಿಯೂ ಖಂಡಿತ ಒಪ್ಪಿಸುತ್ತಿದ್ದಳು. ಆದರೆ ಆರು ಅಡಿ ದೂರದಲ್ಲಿ ಮಲಗಿದ್ದವರನ್ನು ಕೇಳಬೇಕು ಅಂತ ಅವಳಿಗೆ ಯಾರೂ ಕಲಿಸಲಿಲ್ಲ. ನಾನು ಅವಳನ್ನು ಬೈತಿಲ್ಲ. ನಮ್ಮನ್ನು, ಕಲಿಸೋರನ್ನು ಬೈತಾ ಇದ್ದೀನಿ.

ಯಾಕೆ ಇಷ್ಟು ಕೋಪ ಅಂದರೆ, ಆ ಹುಡುಗಿ ಮಾಡಿದ ತಪ್ಪನ್ನು ನಾನೂ ಮಾಡಿದ್ದೀನಿ. ಇದನ್ನು ಇಲ್ಲಿಯವರೆಗೆ ಎಲ್ಲೂ ಬರೆದಿರಲಿಲ್ಲ.

ನಾನು ಆಗ ವಾರ್ಡಿನಲ್ಲಿ ಸ್ಟಾಫ್ ನರ್ಸ್. ರಾಣೆಬೆನ್ನೂರು ಕಡೆಯ ಒಬ್ಬ ಅಜ್ಜಿ, ಸೊಂಟದ ಮೂಳೆ ಮುರಿದು ಆಪರೇಷನ್ ಆಗಿತ್ತು. ನೈಟ್ ಡ್ಯೂಟಿ, 38 ಹಾಸಿಗೆ, ನಾವಿಬ್ಬರೇ. “ಅಜ್ಜಿ, ನೋವು ಎಷ್ಟಿದೆ? ಹತ್ತರಲ್ಲಿ ಎಷ್ಟು?” ಅಂದೆ. “ಏನಿಲ್ಲ ತಂಗಿ, ಆರಾಮ ಅದೀನಿ. ನೀ ಒಂದೀಟು ಕುಂದ್ರು, ಸಂಜಿಯಿಂದ ಓಡ್ಯಾಡಾಕತ್ತಿ” ಅಂದರು. ನಾಡಿ ನೋಡಿದೆ, 76. ಬಿಪಿ ಸರಿ ಇತ್ತು. ನೋವು 2 ಅಂತ ಬರೆದು ಮುಂದಿನ ಹಾಸಿಗೆಗೆ ಹೋದೆ. ಎಸ್ಓಎಸ್, ಅಂದರೆ ನೋವು ಬಂದರೆ ಕೊಡಿ ಅನ್ನೋ ಇಂಜೆಕ್ಷನ್ ಆರ್ಡರ್ ಕೇಸ್ ಶೀಟಿನಲ್ಲೇ ಇತ್ತು. ಕೊಡಲಿಲ್ಲ.

ಬೆಳಗಿನ ಜಾವ 3 ಗಂಟೆಗೆ ಡ್ರಿಪ್ ಬದಲಿಸೋಕೆ ಹೋದಾಗ ಅವರ ಕೌದಿಯ ತುದಿ ನನ್ನ ಕೈಗೆ ತಾಗಿತು. ಒದ್ದೆಯಾಗಿತ್ತು. ಮನೆಯಿಂದ ತಂದ ಹಳೇ ಸೀರೆಗಳ ಕೌದಿ ಅದು, ಮೂಲೆಯಲ್ಲಿ ಕೆಂಪು ಬಟ್ಟೆಯ ಚೌಕ. ಟಾರ್ಚ್ ಹಾಕಿ ನೋಡಿದೆ. ಆ ಚೌಕದ ಹೊಲಿಗೆ ಬಿಟ್ಟು ದಾರ ಎಳೆ ಎಳೆಯಾಗಿ ಹೊರಗೆ ಬಂದಿತ್ತು, ಹಲ್ಲಿನ ಗುರುತು ಕಾಣುತ್ತಿತ್ತು. ರಾತ್ರಿಯಿಡೀ ಅದನ್ನು ಕಚ್ಚಿಕೊಂಡು ಮಲಗಿದ್ದರು. “ಯಾಕಜ್ಜಿ ಹೇಳಲಿಲ್ಲ?” ಅಂದರೆ, “ಹೆರಿಗಿ ಬ್ಯಾನಿಗಿಂತ ಜಾಸ್ತಿ ಐತಿ ತಂಗಿ. ಆದ್ರ ನಿನಗ ಎಷ್ಟು ಮಂದಿ ಅದಾರ, ನಾ ಒಬ್ಬಾಕಿ ಏನಂತ ಕರೀಲಿ” ಅಂದರು.

ನಾಡಿ ಯಾಕೆ ಏರಿರಲಿಲ್ಲ? ಅವರು ಬಿಪಿಗೆ ದಿನಾ ಮೆಟೊಪ್ರೊಲಾಲ್ ತಗೊಳ್ಳುತ್ತಿದ್ದರು. ಆ ಮಾತ್ರೆ ನಾಡಿಯನ್ನು ಹಿಡಿದಿಡುತ್ತೆ. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಫಾರ್ಮಕಾಲಜಿಯಲ್ಲಿ ಒಳ್ಳೇ ಮಾರ್ಕ್ಸ್ ತೆಗೆದವಳು ನಾನು. ಆದರೆ “ನನಗೆ ಗೊತ್ತಾಗಿದ್ದು ಹೇಗೆ, ಅದು ತಪ್ಪಾಗೋಕೆ ಎಲ್ಲಿ ಸಾಧ್ಯ” ಅಂತ ನನ್ನನ್ನೇ ಕೇಳಿಕೊಳ್ಳುವ ಅಭ್ಯಾಸ ಇರಲಿಲ್ಲ. ಅದನ್ನು ನನಗೆ ಯಾರೂ ಕಲಿಸಿರಲಿಲ್ಲ.

ಅದನ್ನು ಕಲಿತದ್ದು ತುಂಬಾ ತಡವಾಗಿ, ನರ್ಸಿಂಗ್ ಕಾಲೇಜಿನಲ್ಲಿ ಅಲ್ಲ. ಎಂ.ಎಸ್ಸಿ ಮಾಡುವಾಗ ಪಕ್ಕದ ಡಿಗ್ರಿ ಕಾಲೇಜಿನ ಫಿಲಾಸಫಿ ಮೇಷ್ಟ್ರ ಕ್ಲಾಸಿನಲ್ಲಿ ಹೋಗಿ ಕೂರುತ್ತಿದ್ದೆ, ಹಳೇ ಗೆಳೆಯರಿಗೆ ಗೊತ್ತು. ಬಿ.ಎ ಮೊದಲ ವರ್ಷದ ಮಕ್ಕಳಿಗೆ ಮಾಡುವ ಪಾಠ. ಕ್ಲಾಸಿನಲ್ಲಿ ನಾಲ್ಕೇ ಜನ ಹುಡುಗರು, ಐದನೆಯವಳು ನಾನು. (ರಾಧಾಕೃಷ್ಣನ್, ಹಿರಿಯಣ್ಣ ಅವರಂಥವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಫಿಲಾಸಫಿ ಕಲಿಸಿದ ನಾಡು ಇದು. ನಾಲ್ಕು ಹುಡುಗರು. ನೆನೆದರೆ ಹೊಟ್ಟೆ ಉರಿಯುತ್ತೆ.)

ಅಲ್ಲಿ ಮೇಷ್ಟ್ರು ನ್ಯಾಯ ದರ್ಶನದ ಪಾಠ ಮಾಡಿದರು. ಕೋರ್ಟಿನ ನ್ಯಾಯ ಅಲ್ಲ, ನಮ್ಮ ಹಳೇ ತರ್ಕಶಾಸ್ತ್ರ. ನಮಗೆ ಯಾವುದಾದರೂ ವಿಷಯ ಗೊತ್ತಾಗೋದು ನಾಲ್ಕು ಪ್ರಮಾಣಗಳಿಂದ, ಅಂದರೆ ತಿಳಿಯುವ ನಾಲ್ಕು ದಾರಿಗಳಿಂದ. ಪ್ರತ್ಯಕ್ಷ, ಅನುಮಾನ, ಉಪಮಾನ (ಹೋಲಿಕೆ), ಶಬ್ದ (ಬಲ್ಲವರ ಮಾತು). ಹೊಗೆ ಕಂಡರೆ ಬೆಟ್ಟದಲ್ಲಿ ಬೆಂಕಿ ಇದೆ ಅಂತ ಊಹಿಸೋದು ಅನುಮಾನ. ಸರಿ, ಇದು ಶಾಲೆಯಲ್ಲೂ ಕೇಳಿದ್ದೆ. ಆದರೆ ಮೇಷ್ಟ್ರು ಮುಂದೆ ಹೇಳಿದರು: ಹೊಗೆ ಇದ್ದಲ್ಲಿ ಬೆಂಕಿ ಇದೆ, ನಿಜ. ಹೊಗೆ ಇಲ್ಲದಿದ್ದರೆ ಬೆಂಕಿಯೂ ಇಲ್ಲ ಅಂತ ಹೇಳೋಕಾಗಲ್ಲ. ಕಾದ ಕಬ್ಬಿಣದ ಗುಂಡು ನೋಡಿ, ಬೆಂಕಿ ಇದೆ, ಹೊಗೆ ಇಲ್ಲ.

ನಾನು ಬೆಂಚಿನ ಮೇಲೆ ಕೂತಲ್ಲೇ ನಡುಗಿದೆ. ಆ ಅಜ್ಜಿಯ 76 ನಾಡಿ! ಹೊಗೆ ಇಲ್ಲ ಅಂತ ನೋಡಿ, ಬೆಂಕಿ ಇಲ್ಲ ಅಂತ ಬರೆದಿದ್ದೆ. ನೂರಾರು ವರ್ಷಗಳ ಹಿಂದೆ ನಮ್ಮವರು ಕಬ್ಬಿಣದ ಗುಂಡು ಇಟ್ಟುಕೊಂಡು ಎಚ್ಚರಿಸಿದ ತಪ್ಪನ್ನು ನಾನು ಆರ್ಥೋ (ಮೂಳೆ) ವಾರ್ಡಿನಲ್ಲಿ ಮಾಡಿದ್ದೆ.

ಶಬ್ದ ಪ್ರಮಾಣದ ವಿಷಯ ಇನ್ನೂ ಆಳ. 1968ರಲ್ಲಿ ಮಾರ್ಗೋ ಮೆಕ್ಯಾಫರಿ ಅನ್ನೋ ಅಮೆರಿಕದ ನರ್ಸ್ ಒಂದು ಮಾತು ಹೇಳಿದರು. ನೋವು ಅಂದರೆ ಅನುಭವಿಸುವವರು ಏನು ಹೇಳ್ತಾರೋ ಅದು, ಅವರು ಯಾವಾಗ ಇದೆ ಅಂತಾರೋ ಆಗ ಇದೆ. ನೋವಿನ ಪಾಠ ಎಲ್ಲ ಕಡೆ ಇಲ್ಲಿಂದಲೇ ಶುರು. ಒಳ್ಳೇ ಮಾತು. ಆದರೆ ನಮ್ಮಜ್ಜಿ “ಏನಿಲ್ಲ” ಅಂದಿದ್ದರು. ಹಾಗಾದರೆ? ನೈಯಾಯಿಕರು, ಅಂದರೆ ನ್ಯಾಯ ದರ್ಶನದವರು, ಇಲ್ಲಿ ಒಂದು ಷರತ್ತು ಹಾಕ್ತಾರೆ. ಎಲ್ಲರ ಮಾತೂ ಪ್ರಮಾಣ ಅಲ್ಲ, ಆಪ್ತರ ಮಾತು ಮಾತ್ರ ಪ್ರಮಾಣ. ಆಪ್ತ ಅಂದರೆ ಯಾರು? ವಿಷಯ ನೇರವಾಗಿ ಗೊತ್ತಿರಬೇಕು, ಮತ್ತೆ ಅದನ್ನು ಗೊತ್ತಿದ್ದ ಹಾಗೇ ಹೇಳಬೇಕು ಅನ್ನೋ ಇಚ್ಛೆಯೂ ಇರಬೇಕು. ಅಜ್ಜಿಗೆ ನೋವು ಗೊತ್ತಿತ್ತು. ಹೇಳುವ ಇಚ್ಛೆ ಇರಲಿಲ್ಲ. ಯಾಕೆ ಇರಲಿಲ್ಲ? ನಾನು ಪೆನ್ನು ಹಿಡಿದು, ಒಂದು ಕಾಲು ಮುಂದಿನ ಮಂಚದ ಕಡೆ ಇಟ್ಟುಕೊಂಡೇ ಕೇಳಿದ್ದೆ. ಕುಂದ್ರು ಅಂದಿದ್ದರಲ್ಲ, ಕೂತಿದ್ದರೆ ಬಹುಶಃ ಹೇಳುತ್ತಿದ್ದರು.

ಇದನ್ನೇ ನಾನು ಇಷ್ಟು ವರ್ಷದಿಂದ ಕೂಗ್ತಾ ಇರೋದು. ಮಂಚದ ಪಕ್ಕ ಎರಡು ನಿಮಿಷ ಕೂರೋದನ್ನು ನಾವು ‘ಕರುಣೆ’ ಅನ್ನೋ ಖಾನೆಗೆ ಹಾಕಿ ನರ್ಸಸ್ ಡೇ ಭಾಷಣಕ್ಕೆ ಬಿಟ್ಟುಬಿಟ್ಟಿದ್ದೀವಿ. ಅದು ಬರೀ ಕರುಣೆ ಅಲ್ಲ. ಅದು ತಿಳಿದುಕೊಳ್ಳುವ ವಿಧಾನ. ಕೂರದಿದ್ದರೆ ನಮಗೆ ಸಿಗೋ ಮಾಹಿತಿಯೇ ತಪ್ಪು. ತಪ್ಪು ಮಾಹಿತಿ ಇಟ್ಟುಕೊಂಡು ಎಷ್ಟು ಚೆಂದದ ಕೇರ್ ಪ್ಲಾನ್ ಬರೆದರೂ ಪ್ರಯೋಜನ ಏನು? ಇದು ಫಿಲಾಸಫಿ ಹೌದು. ಇದೇ ನರ್ಸಿಂಗ್ ಕೂಡ.

“38 ಹಾಸಿಗೆಗೆ ಇಬ್ಬರು ಇರೋ ಕಡೆ ಫಿಲಾಸಫಿಗೆ ಪುರುಸೊತ್ತೆಲ್ಲಿದೆ ಮೇಡಂ” ಅಂತ ಕೇಳೋರಿದ್ದಾರೆ. ಆ ಕಷ್ಟ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನನ್ನ ಬೆನ್ನುನೋವು ಅಲ್ಲಿಂದಲೇ ಬಂದಿದ್ದು. ಜನ ಕಮ್ಮಿ ಇರೋದು ಅನ್ಯಾಯ, ಅದಕ್ಕೆ ಹೋರಾಡಲೇಬೇಕು. ಆದರೆ ಒಂದು ಮಾತು ಹೇಳಿ. 38 ಜನರಲ್ಲಿ ಮೊದಲು ಯಾರ ಹತ್ತಿರ ಹೋಗ್ತೀರಿ? ಜೋರಾಗಿ ಕೂಗೋರ ಹತ್ತಿರವಾ, ಸುಮ್ನೆ ಮಲಗಿರೋರ ಹತ್ತಿರವಾ? ವಶೀಲಿ ಇರೋರ ಹತ್ತಿರವಾ? ಪುರುಸೊತ್ತು ಕಮ್ಮಿ ಇದ್ದಷ್ಟೂ ಈ ಪ್ರಶ್ನೆ ಜಾಸ್ತಿ ಚುಚ್ಚುತ್ತೆ. ಆದ್ದರಿಂದ ಈ ಪುರುಸೊತ್ತಿನ ವಾದ ನನಗೆ ಒಪ್ಪಿಗೆ ಆಗಲ್ಲ. ನೋಟ್ಸ್ ಬರೆಸೋಕೆ 20 ಗಂಟೆ ಸಿಕ್ಕಿದೆಯಲ್ಲ?

ಇದರ ಬೇರು ಬೇರೆ ಕಡೆ ಇದೆ ಅಂತ ನನ್ನ ಅನುಮಾನ. ನರ್ಸಿಂಗ್ ಓದಿಗೆ ಸೇರಿದವರು ದೀಪ ಹಚ್ಚುವ ದಿನ ನಾವೆಲ್ಲ ಹೇಳೋ ನೈಟಿಂಗೇಲ್ ಪ್ರತಿಜ್ಞೆ ಇದೆಯಲ್ಲ, ಅದನ್ನು ಬರೆದದ್ದು ನೈಟಿಂಗೇಲ್ ಅಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಅವರ ಸಮಿತಿ ಬರೆದದ್ದು. ಅದರಲ್ಲಿ ವೈದ್ಯರ ಕೆಲಸಕ್ಕೆ ನಿಷ್ಠೆಯಿಂದ ನೆರವಾಗ್ತೀನಿ ಅನ್ನೋ ಸಾಲಿದೆ. ನೆರವಾಗಬಾರದು ಅಂತಲ್ಲ. ಆದರೆ ಹದಿನೆಂಟರ ವಯಸ್ಸಿನಲ್ಲಿ ದೀಪ ಹಿಡಿದು ನಿಷ್ಠೆ ಕಲಿತವರಿಗೆ, ಪ್ರಶ್ನೆ ಕೇಳೋದು ಉದ್ಧಟತನ ಅಂತ ಅನ್ನಿಸೋಕೆ ಶುರುವಾಗುತ್ತೆ. ರೌಂಡ್ಸ್‌ನಲ್ಲಿ “ಯಾಕೆ ಸರ್?” ಅಂದ ಸಿಸ್ಟರ್‌ಗೆ ಏನಾಗುತ್ತೆ ಅಂತ ನಮ್ಮವರಿಗೆ ಗೊತ್ತು.

ಅರುಣಾ ಶಾನಭಾಗ್ ನೆನಪಾಗ್ತಾರೆ. ನಮ್ಮ ಉತ್ತರ ಕನ್ನಡದ ಹಳದೀಪುರದವರು. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್‌ನಲ್ಲಿ ಅಲ್ಲಿಯ ಕೆಲಸಗಾರನೊಬ್ಬ ನಡೆಸಿದ ಹಲ್ಲೆಯಿಂದ ಪ್ರಜ್ಞೆ ಕಳಕೊಂಡು, 2015ರ ಮೇ ತಿಂಗಳಲ್ಲಿ ಸಾಯೋವರೆಗೂ ಅದೇ ಆಸ್ಪತ್ರೆಯ ಮಂಚದ ಮೇಲಿದ್ದರು. 41 ವರ್ಷಕ್ಕೂ ಜಾಸ್ತಿ. ಅಷ್ಟು ವರ್ಷ ನೋಡಿಕೊಂಡವರು ಅಲ್ಲಿಯ ನರ್ಸ್‌ಗಳು. ಅವರು ನಿವೃತ್ತರಾದ ಮೇಲೆ ಮುಂದಿನವರು, ಅವರ ಮುಂದಿನವರು. ದಯಾಮರಣದ ಅರ್ಜಿ ಬಂದಾಗ ಬೇಡ, ನಾವು ನೋಡಿಕೊಳ್ತೀವಿ ಅಂದರು. 2011ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಅರುಣಾ ಪರವಾಗಿ ಮಾತಾಡುವ ನಿಜವಾದ ಆಪ್ತರು ಆ ಆಸ್ಪತ್ರೆಯ ಸಿಬ್ಬಂದಿಯೇ ಅಂತ ಹೇಳಿತು. ಅರ್ಜಿ ಸರಿಯಿತ್ತಾ, ನರ್ಸ್‌ಗಳು ಹೇಳಿದ್ದು ಸರಿಯಾ ಅಂತ ನಾನು ಎಷ್ಟೋ ರಾತ್ರಿ ನನ್ನ ಜೊತೆಗೇ ವಾದ ಮಾಡಿದ್ದೀನಿ. ಇವತ್ತಿಗೂ ತೀರ್ಮಾನ ಆಗಿಲ್ಲ. ಆದರೆ ಈ ಪ್ರಶ್ನೆಯನ್ನು ಕ್ಲಾಸಿನಲ್ಲಿ ಇಟ್ಟು ಎರಡು ಗಂಟೆ ಮಾತಾಡಿದ ಎಷ್ಟು ನರ್ಸಿಂಗ್ ಕಾಲೇಜು ಇವೆ?

2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಗೌರವದಿಂದ ಸಾಯುವ ಹಕ್ಕಿನ ಬಗ್ಗೆ ಸುತ್ತೋಲೆ ಹೊರಡಿಸಿತು. ಗುಣವಾಗುವ ದಾರಿಯೇ ಇಲ್ಲದ ರೋಗಿಗೆ ಜೀವ ಹಿಡಿದಿಡುವ ಚಿಕಿತ್ಸೆ ನಿಲ್ಲಿಸಬೇಕಾ ಅಂತ ನೋಡೋಕೆ ಆಸ್ಪತ್ರೆಯಲ್ಲಿ ಎರಡು ಮಂಡಳಿ. ಎರಡರಲ್ಲೂ ಡಾಕ್ಟರ್‌ಗಳು. ನರ್ಸ್‌ಗೆ ಕುರ್ಚಿ ಇಲ್ಲ. ನಿರ್ಧಾರ ಆದ ಮೇಲೆ ಆ ಮಂಚದ ಪಕ್ಕ ರಾತ್ರಿಯಿಡೀ ಇರೋದು ಯಾರು? ಮಗಳು ಕೈ ಹಿಡಿದು “ಸಿಸ್ಟರ್, ನಾವು ಮಾಡಿದ್ದು ಸರಿಯಾ?” ಅಂತ ಕೇಳೋದು ಯಾರನ್ನು? ಆ ಮಗಳಿಗೆ ಓರೆಮ್ ಥಿಯರಿಯ ಚಿತ್ರ ತೋರಿಸೋಕಾಗುತ್ತಾ? ನಮಗೆ ಕುರ್ಚಿ ಕೊಡಿ ಅಂತ ಕೇಳಬೇಕು, ಕೇಳ್ತೀನಿ. ಆದರೆ ಕುರ್ಚಿ ಸಿಕ್ಕ ದಿನ ಅಲ್ಲಿ ಕೂತು ಕಾರಣ ಕೊಟ್ಟು ಮಾತಾಡೋರು ನಮ್ಮಲ್ಲಿ ಇರಬೇಕಲ್ಲ? “ಸರ್ಜರಿ ಆದವರಿಗೆ 6 ಹಾಕ್ತೀವಿ” ಅಂದರೆ ನಡೆಯಲ್ಲ ಅಲ್ಲಿ.

ಪರೀಕ್ಷೆ ಮುಗಿಸಿ ಹೊರಡುವಾಗ ಆ ಹುಡುಗಿ ಕಾರಿಡಾರ್‌ನಲ್ಲಿ ಕಾಯುತ್ತಿದ್ದಳು. ಮಾರ್ಕ್ಸ್ ಕೇಳ್ತಾಳೆ ಅಂದುಕೊಂಡೆ. “ಮೇಡಂ, ಆ ಪ್ರಶ್ನೆಗೆ ಉತ್ತರ ಏನು?” ಅಂದಳು. ಕಾದ ಕಬ್ಬಿಣದ ಗುಂಡಿನ ಕಥೆ ಹೇಳಿದೆ, ಅಜ್ಜಿಯ ಕಥೆಯನ್ನೂ ಹೇಳಿದೆ. ಬಸ್ ತಪ್ಪಿತು, ಇನ್ನೊಂದಕ್ಕೆ ಹತ್ತಿದೆ. ಅವಳು ಬಸ್ ಸ್ಟ್ಯಾಂಡಿಗೆ ಬರಲಿಲ್ಲ. ವಾರ್ಡಿಗೆ ವಾಪಸ್ ಹೋಗ್ತೀನಿ ಮೇಡಂ, ನಾಳೆ ಅವರದ್ದು ಡ್ರೆಸಿಂಗ್ ಇದೆ, ಮುಂಚೆನೇ ಇಂಜೆಕ್ಷನ್ ಕೊಡೋಕೆ ಡ್ಯೂಟಿ ಡಾಕ್ಟರ್ ಹತ್ತಿರ ಆರ್ಡರ್ ಬರೆಸ್ಬೇಕು ಅಂದಳು.

ಸೋಮವಾರದಿಂದ ನಮ್ಮ ಕಾಲೇಜಿನಲ್ಲೂ ಆರನೇ ಯೂನಿಟ್ ಶುರು. ಈ ಸಲ ನೋಟ್ಸ್ ಬರೆಸಲ್ಲ. ಮೊದಲ ಕ್ಲಾಸು ಆರ್ಥೋ ವಾರ್ಡಿನಲ್ಲಿ, ಬೆಳಿಗ್ಗೆ ಡ್ರೆಸಿಂಗ್ ಟ್ರಾಲಿ ಹೊರಡುವ ಮುಂಚೆ. ಪ್ರತಿಯೊಬ್ಬರೂ ಒಬ್ಬೊಬ್ಬ ಪೇಷೆಂಟ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂರಬೇಕು. ಪೆನ್ನು ಜೇಬಿನಲ್ಲೇ ಇರಲಿ ಅಂತ ಹೇಳಿದ್ದೀನಿ.